ಗೋಡೆ ಕೊರೆಯುವ ಡ್ರಿಲ್ಲಿನಲ್ಲಿ ಮೆಣಸಿನ ಗುಂಡಿ: ನನ್ನ ಅನುಭವ

ಕಾಳುಮೆಣಸಿಗೆ 50 ಸೆಂ.ಮೀ. ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ಬೇಕು ಅಂತ ಕೈಪಿಡಿಗಳಲ್ಲಿ ಇದೆ. ಬ್ಯಾಣದಲ್ಲಿ, ಅಂದರೆ ಖಾಲಿ ಹುಲ್ಲಿನ ಜಾಗದಲ್ಲಿ, ಹೊಸದಾಗಿ ಸಿಲ್ವರ್ ಓಕ್ ಹಾಕಿ ಮೆಣಸು ಮಾಡುವವರಿಗೆ ಅದು ಸರಿ. ಇಪ್ಪತ್ತು ವರ್ಷದ ಅಡಿಕೆ ಮರದ ಬುಡದಲ್ಲಿ ಅಷ್ಟು ದೊಡ್ಡ ಗುಂಡಿ ತೆಗೆದು ನೋಡಿ. ಮಣ್ಣಿಗಿಂತ ಅಡಿಕೆಯ ಬೇರೇ ಜಾಸ್ತಿ ಮೇಲೆ ಬರುತ್ತದೆ. ಮುಂದಿನ ವರ್ಷ ಆ ಮರದ ಸಿಂಗಾರ ಸಣ್ಣದಾಯಿತು ಅಂತ ಗೊಬ್ಬರವನ್ನು ಬೈಯುತ್ತೇವೆ.

50 ಸೆಂ.ಮೀ. ಗುಂಡಿಯಿಂದ 125 ಲೀಟರ್ ಮಣ್ಣು ಹೊರಗೆ ಬರುತ್ತದೆ. ನಾನು ಈಗ ತೆಗೆಯುವ ಗುಂಡಿಯದ್ದು ಮೂರು ಲೀಟರ್ ಅಷ್ಟೆ. ನಾಲ್ಕು ಇಂಚು ಅಗಲ, ಹದಿನೈದು ಇಂಚು ಆಳ. ಬ್ಯಾಟರಿ ಡ್ರಿಲ್ಲಿಗೆ ಮಣ್ಣು ಕೊರೆಯುವ ಸುರುಳಿ ಬಿಟ್ ಹಾಕಿ ತೆಗೆಯುತ್ತೇನೆ. ಎರಡು ಮಳೆಗಾಲ ದಾಟಿದ ಬಳ್ಳಿಗಳು ಈಗ ಮರದ ಮೇಲೆ ಎಂಟು ಹತ್ತು ಅಡಿ ಹತ್ತಿವೆ. ಹಾಗಾಗಿ ಬರೆಯಲು ಧೈರ್ಯ ಬಂತು.

ಮೊದಲ ವರ್ಷ ಯಾರಿಗೂ ನಂಬಿಕೆ ಇರಲಿಲ್ಲ. ನಮ್ಮ ಭಾವ ಬಂದು ಗುಂಡಿಯೊಳಗೆ ಕೈ ಇಳಿಸಿ ನೋಡಿ, "ಅಲ್ಲ ಮಾರಾಯ, ಇದರಲ್ಲಿ ಬಳ್ಳಿ ನೆಡ್ತೀಯೋ, ಏಡಿ ಹಿಡೀತೀಯೋ?" ಅಂದರು. ಕೆಲಸಕ್ಕೆ ಬರುವವರಂತೂ "ಗೌಡ್ರೆ, ಬೇರು ಉಸಿರಾಡೋಕೂ ಜಾಗ ಇಲ್ಲ" ಅಂತ ನಕ್ಕರು. ನನ್ನ ಲೆಕ್ಕ ಬೇರೆ ಇತ್ತು. ನರ್ಸರಿಯವರು ಕೊಡುವ ಆರು–ನಾಲ್ಕರ ಚೀಲಕ್ಕೆ ಮಣ್ಣು ತುಂಬಿದರೆ ಅದರ ದಪ್ಪ ಎರಡೂವರೆ ಇಂಚು. ನಾಲ್ಕು ಇಂಚಿನ ಗುಂಡಿಯಲ್ಲಿ ಅದನ್ನು ಇಳಿಸಿದರೆ ಸುತ್ತ ಮುಕ್ಕಾಲು ಇಂಚು ಗೊಬ್ಬರದ ಮಣ್ಣಿಗೆ ಜಾಗ ಉಳಿಯುತ್ತದೆ. ಅದು ಸಾಲದು ಅಂತ ನನಗೂ ಗೊತ್ತಿತ್ತು. ಅದಕ್ಕೆ ಮಾಡಿದ ಉಪಾಯವನ್ನು ಮುಂದೆ ಹೇಳುತ್ತೇನೆ.

ಈ ಡ್ರಿಲ್ಲಿಗೆ ಬರುವ ಮೊದಲು ದುಡ್ಡು ಹೋದ ದಾರಿ ಸಣ್ಣದಲ್ಲ. ಮನೆಯಲ್ಲಿ ಗೋಡೆಗೆ ತೂತು ಹೊಡೆಯುವ ಕರೆಂಟಿನ ಹ್ಯಾಮರ್ ಡ್ರಿಲ್ ಇತ್ತು. ಅದಕ್ಕೇ ಬಿಟ್ ಸಿಕ್ಕಿಸಿ ಶುರು ಮಾಡಿದೆ. ಅದು ನಿಮಿಷಕ್ಕೆ ಎರಡೂವರೆ ಮೂರು ಸಾವಿರ ಸುತ್ತು ತಿರುಗುವ ಮೆಷಿನ್. ಸುತ್ತು ಜಾಸ್ತಿ, ತಿರುಚುವ ಬಲ ಕಡಿಮೆ. ಬೇರು ಸಿಕ್ಕಿದ ತಕ್ಷಣ ಮೆಷಿನ್ ನಿಂತು ನನ್ನ ಕೈ ತಿರುಗಿತು. ನಾಲ್ಕನೆಯದೋ ಐದನೆಯದೋ ಗುಂಡಿಗೆ ಸುಟ್ಟ ವಾಸನೆ. ಆರ್ಮೇಚರ್ ಬದಲಿಸಲು ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು.

ಆಮೇಲೆ ಪೆಟ್ರೋಲ್ ಗುಂಡಿ ಮೆಷಿನ್ ಬಾಡಿಗೆಗೆ ತಂದೆ. ಶಿವಮೊಗ್ಗದ ನವುಲೆಯ ಕೃಷಿ ಮೇಳದಲ್ಲಿ ಅದು ಕೆಲಸ ಮಾಡುವುದನ್ನು ನೋಡಿ ಬಾಯಿ ಬಿಟ್ಟವರಲ್ಲಿ ನಾನೂ ಒಬ್ಬ. ಮೇಳದ ಮೈದಾನದ ಮಣ್ಣೇ ಬೇರೆ, ನಮ್ಮ ತೋಟದ ಮಣ್ಣೇ ಬೇರೆ. ಎಂಟು ಇಂಚಿನ ಬಿಟ್ ಅಡಿಕೆ ಬೇರಿಗೆ ಸಿಕ್ಕರೆ ಬೇರನ್ನು ಕತ್ತರಿಸುವುದಿಲ್ಲ, ಸುತ್ತಿಕೊಳ್ಳುತ್ತದೆ. ಕಲ್ಲು ತಾಗಿದರೆ ಇಬ್ಬರು ಹಿಡಿದರೂ ಒದೆಯುತ್ತದೆ. ಬಸಿಗಾಲುವೆ ದಾಟಿಸಿ ದಾಟಿಸಿ ಮಧ್ಯಾಹ್ನಕ್ಕೇ ಸೊಂಟ ಬಿದ್ದುಹೋಯಿತು. ಬಾಡಿಗೆ, ಪೆಟ್ರೋಲು, ಇಬ್ಬರ ಕೂಲಿ ಸೇರಿ ಎರಡೂವರೆ ಸಾವಿರದ ಹತ್ತಿರ. ಆದ ಗುಂಡಿ ಅರವತ್ತು ದಾಟಲಿಲ್ಲ. ಕಾಫಿ ಎಸ್ಟೇಟಿನ ತೆರೆದ ಜಾಗಕ್ಕೆ ಅದು ಒಳ್ಳೆಯ ಮೆಷಿನ್ ಇರಬಹುದು. ಒಂಬತ್ತು ಅಡಿ ಅಂತರದ ಅಡಿಕೆ ತೋಟದ ಒಳಗೆ ಅಲ್ಲ.

ಕೊನೆಗೆ ತೆಗೆದುಕೊಂಡದ್ದು 18 ವೋಲ್ಟಿನ ಬ್ರಷ್‌ಲೆಸ್ ಬ್ಯಾಟರಿ ಡ್ರಿಲ್. ಡಬ್ಬಿಯ ಮೇಲೆ 60 ನ್ಯೂಟನ್ ಮೀಟರ್ ಅಂತ ಬರೆದಿತ್ತು. ಅದಕ್ಕಿಂತ ಕಡಿಮೆಯದ್ದು ತರಬೇಡಿ. 4 ಆಂಪಿಯರ್ ಅವರ್‌ನ ಎರಡು ಬ್ಯಾಟರಿ, ಚಾರ್ಜರ್ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು. ಬಿಟ್ ಒಂಬೈನೂರು. ಪಕ್ಕದ ಹಿಡಿ ಇಲ್ಲದ ಡ್ರಿಲ್ ಈ ಕೆಲಸಕ್ಕೆ ಬೇಡವೇ ಬೇಡ. ಹಿಡಿಯನ್ನು ತೊಡೆಗೆ ಒತ್ತಿ ನಿಂತರೆ ಒದೆತ ತೊಡೆಗೆ ಹೋಗುತ್ತದೆ, ಮಣಿಕಟ್ಟು ಉಳಿಯುತ್ತದೆ. ಇನ್ನೊಂದು ಮಾತು, ಲುಂಗಿ ಉಟ್ಟು ಈ ಕೆಲಸಕ್ಕೆ ಇಳಿಯಬೇಡಿ. ಬಿಟ್ ಲುಂಗಿಯನ್ನು ಎಷ್ಟು ಬೇಗ ಸುತ್ತಿಕೊಳ್ಳುತ್ತದೆ ಅಂತ ಅನುಭವದಿಂದ ತಿಳಿಯುವುದು ಬೇಡ. ಚಡ್ಡಿಯೋ ಪ್ಯಾಂಟೋ ಹಾಕಿ. ಉಂಬಳ (ಜಿಗಣೆ) ಕಚ್ಚಿದರೆ ಕಚ್ಚಲಿ.

ಅಂಗಡಿ ಬಿಟ್ ಬಂದ ಹಾಗೆ ನಮ್ಮ ಮಣ್ಣಿಗೆ ಆಗುವುದಿಲ್ಲ. ತುದಿಯಲ್ಲಿ ಒಂದು ತಿರುಪು ಇರುತ್ತದಲ್ಲ, ಅದು ಬಿಟ್ಟನ್ನು ಒಳಗೆ ಎಳೆಯಲು ಇರುವುದು. ಮೆತ್ತನೆ ಹೂದೋಟದ ಮಣ್ಣಿಗೆ ಸರಿ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹರಳಿರುವ ಮಣ್ಣಲ್ಲಿ ಅದು ಕಚ್ಚಿಕೊಂಡು, ಮೋಟರಿನ ಬಲ ಮೀರಿ ಎಳೆದು, ಅಲ್ಲೇ ಕೂತುಬಿಡುತ್ತದೆ. ತಿರುಪನ್ನು ಗ್ರೈಂಡರಿನಲ್ಲಿ ಅರ್ಧ ತೆಗೆಸಿದೆ. ತುದಿಯ ಅಲಗಿಗೆ ಹಳೆ ಜೀಪಿನ ಕಮಾನ್ ಪಟ್ಟಿಯ ಎರಡು ಚೂರು ಹಲ್ಲಿನ ಹಾಗೆ ವೆಲ್ಡ್ ಮಾಡಿಸಿದೆ. ಮುನ್ನೂರು ರೂಪಾಯಿ ಆಯಿತು. ಹಲ್ಲನ್ನು ಯಾವ ಓರೆಯಲ್ಲಿ ಕೂರಿಸಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ಅದಕ್ಕೆ ಎರಡು ಬಿಟ್ ಹಾಳಾಗಿವೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ.

ಬಿಟ್ಟಿನ ಕಾಂಡ ಉರುಟಾಗಿದ್ದರೆ ಚಕ್ ಒಳಗೆ ಜಾರುತ್ತದೆ. ಆರು ಮೂಲೆಯದ್ದೇ ತನ್ನಿ. ಚಕ್ಕಿನ ಮೂರು ಹಲ್ಲು ಅದರ ಮೂರು ಮಗ್ಗುಲಿಗೆ ಸರಿಯಾಗಿ ಕೂರಬೇಕು. ಸಿಕ್ಕಿಕೊಂಡಾಗ ಹಿಂದಕ್ಕೆ ತಿರುಗಿಸುತ್ತೇವೆ ಅಲ್ವಾ, ಆಗ ಚಕ್ ಸಡಿಲವಾಗುತ್ತದೆ. ಪ್ರತಿ ಸಲ ಬಿಗಿ ಮಾಡದಿದ್ದರೆ ಡ್ರಿಲ್ ಮಾತ್ರ ಮೇಲೆ ಬಂದು ಬಿಟ್ ಗುಂಡಿಯಲ್ಲೇ ಉಳಿಯುತ್ತದೆ.

ಗೇರು ಒಂದರಲ್ಲೇ ಓಡಿಸಬೇಕು. ಒತ್ತಬಾರದು, ಡ್ರಿಲ್ಲಿನ ಭಾರ ಸಾಕು. ಎರಡು ಮೂರು ಇಂಚು ಇಳಿದ ಮೇಲೆ ತಿರುಗಿಸುತ್ತಲೇ ಮೇಲಕ್ಕೆತ್ತಿ ಮಣ್ಣು ಉದುರಿಸಬೇಕು. ಒಂದೇ ಸಲಕ್ಕೆ ಪೂರ್ತಿ ಇಳಿಸಿದರೆ ಮೇಲಿನ ಮಣ್ಣು ಸುರುಳಿಯಲ್ಲಿ ಬಿಗಿದು ಬಿಟ್ ಹೊರಗೇ ಬರುವುದಿಲ್ಲ. ಮೊದಲು ಜಾಗದಲ್ಲಿ ಹಾರೆಯಿಂದ ಒಮ್ಮೆ ಕುಕ್ಕಿ ನೋಡುತ್ತೇನೆ. ಟಣ್ ಅಂದರೆ ಒಂದು ಗೇಣು ಆಚೆ. ಮರದಿಂದ ಒಂದೂವರೆ ಅಡಿ, ಉತ್ತರದ ಮಗ್ಗುಲು. ಇದು ಎಲ್ಲರಿಗೂ ಗೊತ್ತಿದ್ದದ್ದೇ.

ಅಸಲು ಗುಟ್ಟು ಇರುವುದು ಮಣ್ಣಿನ ಹದದಲ್ಲಿ. ಮೆಷಿನ್ ಆಮೇಲಿನದು. ಏಪ್ರಿಲಿನಲ್ಲಿ ನಮ್ಮ ಮೇಲಿನ ತೋಟದಲ್ಲಿ ಒಂದು ಬ್ಯಾಟರಿಗೆ ಏಳೆಂಟು ಗುಂಡಿ ಆದರೆ ಹೆಚ್ಚು. ಅದೇ ಜಾಗದಲ್ಲಿ ಭರಣಿ ಮಳೆ (ಏಪ್ರಿಲ್ ಕೊನೆ, ಮೇ ಮೊದಲು) ಒಂದೆರಡು ಸಲ ಚೆನ್ನಾಗಿ ಹೊಡೆದು, ನಾಲ್ಕು ದಿನ ಬಿಟ್ಟು ಹೋದರೆ ಮೂವತ್ತರವರೆಗೆ ಆಗುತ್ತದೆ. ಕೃತ್ತಿಕೆಯಲ್ಲಿ (ಮೇ ಮಧ್ಯ) ಗುಂಡಿ, ಮೃಗಶಿರದಲ್ಲಿ (ಜೂನ್ ಮಧ್ಯ) ನೆಡುವುದು ಅಂತ ಇಟ್ಟುಕೊಂಡಿದ್ದೇನೆ. ಮಳೆ ಕೈ ಕೊಟ್ಟ ವರ್ಷ ಹಿಂದಿನ ಸಂಜೆ ಹಾರೆಯಿಂದ ಸಣ್ಣ ಕುಳಿ ಮಾಡಿ ಒಂದೊಂದು ಚೊಂಬು ನೀರು ಹೊಯ್ಯುತ್ತಾ ಬಂದೆ. ಬೆಳಿಗ್ಗೆಗೆ ಆರೇಳು ಇಂಚು ಮೆತ್ತಗಾಗಿರುತ್ತದೆ. ಕೆಲಸ ಎರಡಾಗುತ್ತದೆ, ಬ್ಯಾಟರಿ ಮಾತ್ರ ಉಳಿಯುತ್ತದೆ.

ಜೂನ್ ಕೊನೆಯ ಆರಿದ್ರೆಯಲ್ಲಿ ಹಸಿ ಮಣ್ಣಿಗೆ ಬಿಟ್ ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯುತ್ತದೆ. ಅದನ್ನು ನೋಡಿ ಖುಷಿಪಡಬೇಡಿ. ಮೊದಲ ವರ್ಷ ಕೆಳಗಿನ ತೋಟದಲ್ಲಿ, ಜೇಡಿ ಮಣ್ಣಿನ ಜಾಗದಲ್ಲಿ, ಹೀಗೆ ತೆಗೆದ ಗುಂಡಿಗಳಲ್ಲೇ ಬಳ್ಳಿ ಸತ್ತದ್ದು. ಸುರುಳಿ ತಿರುಗುವಾಗ ಗುಂಡಿಯ ಗೋಡೆಯನ್ನು ಉಜ್ಜಿ ನುಣ್ಣಗೆ ಮಾಡುತ್ತದೆ. ಒಳಗೆ ಬೆರಳಾಡಿಸಿದರೆ ಸಾಣೆ ಹಿಡಿದ ಮಡಕೆಯೇ ಸರಿ. ನೀರು ಇಂಗುವುದಿಲ್ಲ, ಬೇರು ಹೊರಗೆ ನುಗ್ಗುವುದಿಲ್ಲ, ಒಳಗೇ ಸುತ್ತುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ. ತೀರ್ಥಹಳ್ಳಿ ಹತ್ತಿರದ ನಮಗೆ ಅದರ ಅರ್ಧಕ್ಕಿಂತ ಕಡಿಮೆ. ಆದರೂ ಮೆಣಸಿನ ಬುಡದಲ್ಲಿ ವಾರ ನೀರು ನಿಂತರೆ ಸೊರಗು ರೋಗಕ್ಕೆ ಅಷ್ಟೇ ಸಾಕು. ಆ ಸಲ ಕೆಳಗಿನ ತೋಟದಲ್ಲಿ ನೆಟ್ಟದ್ದರಲ್ಲಿ ಮೂರನೇ ಒಂದು ಭಾಗ ಹೋಯಿತು. ನಕ್ಕವರಿಗೆ ಆ ವರ್ಷ ಹಬ್ಬ.

ಪರಿಹಾರ ಸುಲಭ. ರೀಪರ್ (ಮರದ ಪಟ್ಟಿ) ತುಂಡಿನ ತುದಿಗೆ ನಾಲ್ಕಾರು ಮೊಳೆ ಹೊಡೆದು, ಅದನ್ನು ಗುಂಡಿಗೆ ಇಳಿಸಿ ಗೋಡೆಯನ್ನು ಮೇಲಿಂದ ಕೆಳಗೆ ಗೀರುತ್ತೇನೆ. ಐದಾರು ಗೀರು ಸಾಕು. ಜೇಡಿ ಇರುವಲ್ಲಿ ಮಳೆ ಹಿಡಿದ ಮೇಲೆ ಡ್ರಿಲ್ ಹೊರಗೇ ತೆಗೆಯುವುದಿಲ್ಲ. ನೆಟ್ಟ ಮೇಲೆ ಬುಡವನ್ನು ದಿಬ್ಬ ಮಾಡಿ ಏರಿಸುತ್ತೇನೆ.

ಇನ್ನು ಮೊದಲು ಹೇಳಿದ ಉಪಾಯ. ಒಂದು ಬಳ್ಳಿಗೆ ಮೂರು ಗುಂಡಿ. ನಡುವಿನದು ನಾಲ್ಕು ಇಂಚಿನದು, ಬಳ್ಳಿಗೆ. ಅದರಿಂದ ಅಂಗೈ ದೂರದಲ್ಲಿ, ಮರದ ವಿರುದ್ಧ ದಿಕ್ಕಿಗೆ, ಮೂರು ಇಂಚಿನ ಎರಡು ಗುಂಡಿ ಸ್ವಲ್ಪ ಓರೆಯಾಗಿ. ಅವು ತಳದಲ್ಲಿ ನಡುವಿನ ಗುಂಡಿಯ ಕಡೆ ಬಾಗಿರಬೇಕು. ಅವೆರಡಕ್ಕೂ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಟ್ರೈಕೋಡರ್ಮ (ರೋಗ ತಡೆಯುವ ಶಿಲೀಂಧ್ರದ ಪುಡಿ) ಬೆರೆಸಿ ತುಂಬುವುದು. ಇನ್ನೂ ಒಂದು ವಸ್ತು ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಮೂರೂ ಸೇರಿ ಹೊರಬರುವ ಮಣ್ಣು ಏಳು ಲೀಟರ್ ದಾಟುವುದಿಲ್ಲ. ಒಂದು ವರ್ಷದ ಬಳ್ಳಿಯನ್ನು ಕಿತ್ತು ನೋಡಿದೆ. ಬೇರು ನೆಟ್ಟಗೆ ಆ ಗೊಬ್ಬರದ ಗುಂಡಿಗಳನ್ನು ಹುಡುಕಿಕೊಂಡು ಹೋಗಿತ್ತು. ಭಾವನಿಗೆ ಅದನ್ನು ತೋರಿಸಲೆಂದೇ ಎರಡು ದಿನ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೆ.

ದುಡ್ಡಿನ ಲೆಕ್ಕಕ್ಕೆ ಬನ್ನಿ. ನಮ್ಮ ಕಡೆ ಗಂಡಾಳಿಗೆ ಆರುನೂರೈವತ್ತು, ಊಟ ಕಾಫಿ ಬೇರೆ. ಗಟ್ಟಿ ಜಾಗದಲ್ಲಿ ಹಾರೆಯಿಂದ ಒಬ್ಬ ಇಪ್ಪತ್ತೈದು ಮೂವತ್ತು ಗುಂಡಿ ತೆಗೆದರೆ ಒಳ್ಳೆಯ ಆಳು. ಅಂದರೆ ಗುಂಡಿಗೆ ಇಪ್ಪತ್ತೈದು ರೂಪಾಯಿ ಹಿಡಿಯಿರಿ. ಡ್ರಿಲ್ಲು, ಬಿಟ್ಟು, ವೆಲ್ಡಿಂಗು ಎಲ್ಲ ಸೇರಿ ಹನ್ನೊಂದು ಹನ್ನೆರಡು ಸಾವಿರ. ಐನೂರು ಬಳ್ಳಿ ನೆಡುವಷ್ಟರಲ್ಲಿ ಅಸಲು ಬಂತು. ಬೆಳಿಗ್ಗೆ ತಿಂಡಿಯಿಂದ ಊಟದವರೆಗೆ ಎರಡು ಬ್ಯಾಟರಿಯಲ್ಲಿ ನಾನೊಬ್ಬನೇ ಇಪ್ಪತ್ತು ಬಳ್ಳಿಯ ಗುಂಡಿ, ಅಂದರೆ ಅರವತ್ತು ತೂತು ಮುಗಿಸುತ್ತೇನೆ. ಕರೆಂಟ್ ಇದ್ದರೆ ಊಟದ ಹೊತ್ತಿಗೆ ಚಾರ್ಜಿಗೆ ಹಾಕಿ ಸಂಜೆ ಇನ್ನಷ್ಟು. ಗಾಳಿ ಮಳೆಗೆ ಲೈನ್ ಹೋದ ದಿನ ಸುಮ್ನೆ ಕೂರುವುದೇ. ಆಳು ಸಿಗುವ ದಿನಕ್ಕೆ ಕಾಯಬೇಕಿಲ್ಲ ಅನ್ನುವುದೇ ನನಗೆ ದೊಡ್ಡ ಲಾಭ. ಉಳಿದ ಬಳ್ಳಿಯ ಲೆಕ್ಕ ಕೇಳಿದರೆ, ಮೊದಲೆಲ್ಲ ಹತ್ತಕ್ಕೆ ಏಳು ಉಳಿದರೆ ಪುಣ್ಯ. ಎರಡನೇ ವರ್ಷ ಮೂರು ಗುಂಡಿಯ ಕ್ರಮದಲ್ಲಿ ನೆಟ್ಟದ್ದು ಹತ್ತಕ್ಕೆ ಒಂಬತ್ತು ಇದೆ. ಪಣಿಯೂರು, ಕರಿಮುಂಡ ಎರಡು ತಳಿಗಳಲ್ಲೂ ಹೆಚ್ಚು ಕಡಿಮೆ ಅಷ್ಟೇ. ಹಿಪ್ಪಲಿ ಗಿಡಕ್ಕೆ ಮೆಣಸು ಕಸಿ ಕಟ್ಟಿದ್ದು ಸ್ವಲ್ಪವೇ ಹಾಕಿದ್ದೇನೆ, ಈಗಲೇ ಏನೂ ಹೇಳಲಾರೆ.

ಕೈಯಲ್ಲಿ ಮೆಷಿನ್ ಇದ್ದರೆ ಸುಮ್ಮನಿರಲು ಆಗುತ್ತದೆಯೇ? ಮನೆಯವಳ ಡೇರೆ ಹೂವಿನ ಗಡ್ಡೆಗೆ ಅಂಗಳದ ಪಕ್ಕದಲ್ಲಿ ಸಾಲಾಗಿ ಗುಂಡಿ ಹೊಡೆದುಕೊಟ್ಟೆ. ಹತ್ತು ನಿಮಿಷದ ಕೆಲಸ, ಒಂದು ವಾರದ ಮರ್ಯಾದೆ. ಬೇಲಿಗೆ ಗ್ಲಿರಿಸಿಡಿಯಾ ಗೂಟ ನೆಡಲು ಇದಕ್ಕಿಂತ ಒಳ್ಳೆಯದು ಇಲ್ಲ. ಗೂಟದ ತುದಿ ಸಿಪ್ಪೆ ಏಳುವುದಿಲ್ಲ, ಬಡಿಯುವ ಕೆಲಸವೂ ಇಲ್ಲ. ತೆಂಗಿನ ಸುತ್ತ ಆರೇಳು ತೂತು ಹೊಡೆದು ಗೊಬ್ಬರ ಇಳಿಸಿದ್ದೇನೆ, ಕಾಯಿ ಜಾಸ್ತಿ ಆಯಿತೋ ಇಲ್ಲವೋ ನೋಡಬೇಕು. ಮಣ್ಣು ಪರೀಕ್ಷೆಗೆ ಮಾದರಿ ತೆಗೆಯಲೂ ಇದೇ ಬಿಟ್. ಅನಾನಸಿಗೆ ದಂಡ, ಗುದ್ದಲಿಯೇ ಬೇಗ. ಸುವರ್ಣಗಡ್ಡೆಗಂತೂ ಕೇಳಲೇ ಬೇಡಿ.

ಬಿಟ್ ತೆಗೆದು ಪೇಂಟ್ ಕಲಸುವ ಕಡ್ಡಿ ಹಾಕಿ ಡ್ರಮ್ಮಿನಲ್ಲಿ ಬೋರ್ಡೋ (ಸುಣ್ಣ, ಮೈಲುತುತ್ತ ಸೇರಿಸಿ ಮಾಡುವ ಔಷಧಿ) ಕಲಸಿದ್ದೂ ಆಯಿತು. ಸುಣ್ಣದ ನೀರು ಚೆನ್ನಾಗಿ ಕಲಸುತ್ತದೆ. ಆದರೆ ಆ ಕಬ್ಬಿಣದ ಕಡ್ಡಿಯನ್ನು ಮೈಲುತುತ್ತದ ನೀರಿಗೆ ಮಾತ್ರ ಹಾಕಬೇಡಿ. ಕಡ್ಡಿಯ ಮೇಲೆ ತಾಮ್ರ ಕೂರುತ್ತದೆ, ಕಬ್ಬಿಣ ಕರಗಿ ದ್ರಾವಣಕ್ಕೆ ಸೇರುತ್ತದೆ, ಔಷಧಿ ಕೆಡುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪೈಪಿನದ್ದು ಮಾಡಿಸಿಕೊಂಡೆ.

ದರೆಯ ಮೇಲೆ ಬಿಸಿಲಿಗೆ ತೆರೆದು ನಿಂತ ಜಂಬಿಟ್ಟಿಗೆ ಇದ್ದರೆ ಈ ಡ್ರಿಲ್ ಮುಟ್ಟಬೇಡಿ. ಒಳಗೆ ಹಸಿಯಿರುವಾಗ ಅದು ಮೆತ್ತಗೆ, ಗಾಳಿ ಬಿಸಿಲು ತಾಗಿದರೆ ಕಲ್ಲೇ. ಅಲ್ಲಿ ಹಾರೆ, ಪಿಕಾಸಿಯೇ ಗತಿ. ಅಡಿಕೆ ಸಸಿ ನೆಡುವ ದೊಡ್ಡ ಗುಂಡಿಗೂ ಇದು ಆಗದು. ಹಲ್ಲುಗಳು ಒಂದು ಹಂಗಾಮಿಗೆ ಸವೆಯುತ್ತವೆ, ವರ್ಷಕ್ಕೊಮ್ಮೆ ನೂರೈವತ್ತು ಕೊಟ್ಟು ಹೊಸದು ವೆಲ್ಡ್ ಮಾಡಿಸಬೇಕು. ಈ ಸಲ ಪುಟ್ಟಿ ಕಲಸುವ ಎರಡು ಹಿಡಿಯ ಕರೆಂಟ್ ಮೆಷಿನ್ನಿಗೆ ಆರು ಇಂಚಿನ ಬಿಟ್ ಕೂರಿಸಬೇಕು ಅಂತಿದ್ದೇನೆ. ಸುತ್ತು ಕಡಿಮೆ, ಬಲ ಜಾಸ್ತಿ, ಕಾಫಿ ಗಿಡದ ಗುಂಡಿಗೆ ಆದೀತು. ಒದ್ದೆ ತೋಟದಲ್ಲಿ ವೈರ್ ಎಳೆಯುವ ವಿಷಯ, ಮೊದಲು ಲೈನಿಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ ಹಾಕಿಸಬೇಕು. ಅಡಾಪ್ಟರಿಗೆ ಲೇತ್‌ನವನ ಹತ್ತಿರ ಅಳತೆ ಕೊಟ್ಟು ಬಂದಿದ್ದೇನೆ, ಇನ್ನೂ ಮಾಡಿಕೊಟ್ಟಿಲ್ಲ.