ಆಟ ಮುಗಿಸಿದ ಬಿಲಿಯರ್ಡ್ಸ್ ಚೆಂಡು ಅಡುಗೆಮನೆಯ ಡ್ರಾಯರಿಗೆ

ಪುಣೆಯ ಜುನಾ ಬಜಾರ್ ಬುಧವಾರ ಮತ್ತು ಭಾನುವಾರ ನೆರೆಯುತ್ತದೆ. ಅಲ್ಲಿ ತುಕ್ಕು ಹಿಡಿದ ಬೀಗ, ಹಿತ್ತಾಳೆಯ ತೂಕದ ಕಲ್ಲುಗಳ ಪಕ್ಕ ಗೋಣಿಚೀಲದ ಮೇಲೆ ಬಿಲಿಯರ್ಡ್ಸ್ ಬಗೆಯದೇ ಆದ ಪೂಲ್ ಆಟದ ಒಂಬತ್ತು ಚೆಂಡುಗಳು ಬಿದ್ದಿದ್ದವು. ಉಳಿದ ಚೆಂಡುಗಳು ಎಲ್ಲಿ ಹೋದವೋ. ಸೆಟ್ ಒಡೆದ ಮೇಲೆ ಆಟಗಾರರಿಗೆ ಅವು ಬೇಡ. ಒಂದನ್ನು ಎತ್ತಿಕೊಂಡಾಗ ಅಂಗೈ ತುಂಬಿತು. ತಕ್ಷಣ ನೆನಪಾದದ್ದು ಅವ್ವನ ಕೈ.

ಧಾರವಾಡದಿಂದ ನಮ್ಮ ಮನೆಗೆ ಬಂದು ನೆಲೆಸಿದ ಅವ್ವನಿಗೆ ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಅಡುಗೆಮನೆಯ ಡ್ರಾಯರುಗಳ ಕಡಲೆಯಷ್ಟು ಚಿಕ್ಕ ಗುಬುಟುಗಳನ್ನು ಚಿವುಟಿ ಹಿಡಿಯಲು ಆಗುವುದಿಲ್ಲ. ಪೂಲ್ ಚೆಂಡಿನ ಅಡ್ಡಳತೆ 57 ಮಿಲಿಮೀಟರ್. ಅದನ್ನೇ ಡ್ರಾಯರಿನ ಗುಬುಟು ಮಾಡಿದರೆ ಚಿವುಟಬೇಕಿಲ್ಲ, ಇಡೀ ಅಂಗೈಯಿಂದ ಹಿಡಿದು ಎಳೆಯಬಹುದು.

ಕೊಳ್ಳುವ ಮೊದಲು ಚೆಂಡು ಯಾವ ವಸ್ತುವಿನದ್ದು ಎಂದು ನೋಡಿ. ಪುಣೆಗೂ ಈ ಆಟಕ್ಕೂ ಹಳೆಯ ನಂಟು. 1958ರಲ್ಲಿ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಚಾಂಪಿಯನ್ ಆದ ವಿಲ್ಸನ್ ಜೋನ್ಸ್ ಹುಟ್ಟಿದ ಊರು ಇದು. ಬೆಂಗಳೂರಿನಲ್ಲಿ ಬೆಳೆದು ಗೆದ್ದ ಪಂಕಜ್ ಅಡ್ವಾಣಿ ಹುಟ್ಟಿದ್ದೂ ಇಲ್ಲೇ. ಹಾಗಾಗಿ ಹಳೆಯ ಮನೆಗಳ ಅಟ್ಟದಲ್ಲಿ ತೀರಾ ಹಳೆಯ ಚೆಂಡು ಸಿಕ್ಕರೂ ಆಶ್ಚರ್ಯವಿಲ್ಲ. ಹಿಂದೆ ಇವನ್ನು ಆನೆಯ ದಂತದಿಂದ ಮಾಡುತ್ತಿದ್ದರು. ಮೈಮೇಲೆ ಜಾಲರಿಯಂತೆ ಒಂದನ್ನೊಂದು ದಾಟುವ ಸಣ್ಣ ಗೆರೆಗಳು ಕಂಡರೆ ಅದು ದಂತವಿರಬಹುದು. ಅದನ್ನು ಕೊಳ್ಳಲೇಬೇಡಿ, ದಂತದ ವ್ಯಾಪಾರ ಕಾನೂನಿನ ಪ್ರಕಾರ ಅಪರಾಧ. ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ದಂತಕ್ಕೆ ಬದಲಿಯಾಗಿ 19ನೇ ಶತಮಾನದಲ್ಲಿ ಬಂದ ಆ ವಸ್ತು ಬೇಗ ಬೆಂಕಿ ಹಿಡಿಯುತ್ತದೆ, ಅದಕ್ಕೆ ಡ್ರಿಲ್ ಮುಟ್ಟಿಸಬಾರದು. ಈಗಿನ ಒಳ್ಳೆಯ ಚೆಂಡುಗಳು ಫೀನಾಲಿಕ್ ರಾಳ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು. ನಮಗೆ ಬೇಕಾದದ್ದು ಇವೇ.

ಮೊದಲ ಕೆಲಸ ಚೆಂಡು ಉರುಳದಂತೆ ಹಿಡಿಸುವುದು. ಎರಡು ಪ್ಲೈವುಡ್ ತುಂಡುಗಳಲ್ಲಿ 45 ಮಿ.ಮೀ. ಅಗಲದ ತೂತು ಕೊರೆಸಿ. ಚೆಂಡನ್ನು ಎರಡರ ನಡುವೆ ಕೂರಿಸಿ, ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಕೊಟ್ಟು, ಎರಡೂ ಬದಿಗೆ ಕ್ಲ್ಯಾಂಪ್ ಬಿಗಿಯಿರಿ. ಕೈಯಲ್ಲಿ ಹಿಡಿದು ಕೊರೆಯುವ ಸಾಹಸ ಬೇಡವೇ ಬೇಡ.

ಎಲ್ಲಿ ಕೊರೆಯಬೇಕು? ಉತ್ತರ ಚೆಂಡಿನ ಮೇಲೆಯೇ ಇದೆ. ಪೂಲ್ ಚೆಂಡಿನ ಸಂಖ್ಯೆ ಸಾಮಾನ್ಯವಾಗಿ ಎದುರುಬದುರಾಗಿ ಎರಡು ಕಡೆ, ಬಿಳಿ ವೃತ್ತದೊಳಗೆ ಇರುತ್ತದೆ. ಒಂದು ವೃತ್ತದ ನಟ್ಟನಡುವೆ ಕೊರೆದರೆ ಇನ್ನೊಂದು ವೃತ್ತ ನೇರ ನಿಮ್ಮ ಕಡೆ ಮುಖ ಮಾಡುತ್ತದೆ. ಇದನ್ನು ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ, ಅಳತೆಯ ಅರ್ಧ ಕೆಲಸ ತಪ್ಪಿತು.

ಮೊದಲು 2 ಮಿ.ಮೀ., ಆಮೇಲೆ 4, ಕೊನೆಗೆ 6.5 ಮಿ.ಮೀ. ಬಿಟ್ ಹಾಕಿ 25 ಮಿ.ಮೀ. ಆಳಕ್ಕೆ ಕೊರೆಯಿರಿ. ಆಳ ತಿಳಿಯಲು ಬಿಟ್‌ಗೆ ಟೇಪ್ ಸುತ್ತಿಕೊಳ್ಳಿ. ವೇಗ ಕಡಿಮೆ ಇರಲಿ. ಆಗಾಗ ಬಿಟ್ ಹೊರತೆಗೆದು ಪುಡಿ ಝಾಡಿಸಿ. ಈ ರಾಳ ಬಿಸಿಯಾದರೆ ಕರಗುವುದಿಲ್ಲ, ಸುಡುತ್ತದೆ. ಘಾಟು ಬಂದರೆ ನಿಲ್ಲಿಸಿ ಆರಲು ಬಿಡಿ. ಪುಡಿ ಗಂಟಲಿಗೆ ಒಳ್ಳೆಯದಲ್ಲ, ಮಾಸ್ಕ್ ಮತ್ತು ಕನ್ನಡಕ ಕಡ್ಡಾಯ.

ಪುಣೆಯ ಬೋಹ್ರಿ ಆಳಿ ಎಂಬ ಬೀದಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಉದ್ದಕ್ಕೂ ಥ್ರೆಡ್ ಇರುವ 6 ಮಿ.ಮೀ. ಸಲಾಕೆ ಸಿಗುತ್ತದೆ. ಡ್ರಾಯರಿನ ಹಲಗೆ 18 ಮಿ.ಮೀ. ದಪ್ಪವಿದ್ದರೆ 60 ಮಿ.ಮೀ. ಉದ್ದದ ತುಂಡು ಸಾಕು. ಎಪಾಕ್ಸಿ ಅಂಟು ತುಂಬಿ ಸಲಾಕೆ ಇಳಿಸಿ, ಒಂದು ದಿನ ಮುಟ್ಟದೆ ಬಿಡಿ. ಜೋಡಿಸುವಾಗ ಹಲಗೆಯ ಮುಂದೆ ಒಂದು ನಟ್ಟು, ಹಿಂದೆ ಒಂದು ನಟ್ಟು, ಎರಡಕ್ಕೂ ವಾಷರ್ ಹಾಕಿ. ಹಿಂದೆ ಮಾತ್ರ ನಟ್ಟು ಹಾಕಿ ಬಿಗಿದರೆ ಸಲಾಕೆ ಅಂಟು ಬಿಟ್ಟು ಕಿತ್ತು ಬರಬಹುದು. ನನ್ನ ಮೊದಲ ಚೆಂಡಿಗೆ ಹಾಗೆಯೇ ಆಯಿತು.

ಎಂಟು ಚೆಂಡು ಡ್ರಾಯರುಗಳಿಗೆ ಹೋದವು. ಅರಿಶಿನ ಬಣ್ಣದ 1 ಬೇಳೆಗೆ, ಹಸಿರು 6 ಮಸಾಲೆ ಸಾಮಾನಿಗೆ ಎಂದು ಹಂಚಿದ್ದು ಅವ್ವನೇ.

ಇಷ್ಟು ಕೊರೆಯುವ ಗೋಜು ಬೇಡವೆನ್ನುವವರಿಗೂ ಚೆಂಡಿನಿಂದ ಉಪಯೋಗವುಂಟು. ಸ್ವೆಟರಿನ ಮೊಣಕೈ ಹರಿದಿದ್ದರೆ ಒಳಗೆ ಚೆಂಡಿಟ್ಟು ಹೆಣೆದು ಹೊಲಿಯಿರಿ, ಬಟ್ಟೆ ಬಿಗಿಯಾಗಿ ನಿಲ್ಲುತ್ತದೆ. ಬಚ್ಚಲಿನ ಹೊಸ ನೆಲದ ಮೇಲೆ ಅಲ್ಲಲ್ಲಿ ಚೆಂಡಿಟ್ಟು ನೋಡಿ. ನೀರು ಹೋಗುವ ತೂತಿನತ್ತ ಉರುಳದಿದ್ದರೆ ಇಳಿಜಾರು ತಪ್ಪಿದೆ, ಗಾರೆಯವರಿಗೆ ಹಣ ಕೊಡುವ ಮುಂಚೆಯೇ ಹೇಳಿ.

ನಮ್ಮ ಒಂಬತ್ತನೆಯ ಚೆಂಡು ಬಾಲ್ಕನಿಯಲ್ಲಿದೆ. ಜೂನ್ ಮಳೆಗೆ ಕಟ್ಟುವ ಟಾರ್ಪಾಲಿನ ಉಂಗುರ ಕಿತ್ತುಹೋಗಿತ್ತು. ಆ ಮೂಲೆಯ ಒಳಗೆ ಚೆಂಡಿಟ್ಟು, ಹಾಳೆಯನ್ನು ಅದರ ಸುತ್ತ ಮಡಚಿ, ಚೆಂಡಿನ ಕೆಳಗೆ ಕುತ್ತಿಗೆಯಂತಾದ ಜಾಗಕ್ಕೆ ಹಗ್ಗ ಬಿಗಿದೆ. ಗಾಳಿ ಎಳೆದಷ್ಟೂ ಗಂಟು ಬಿಗಿಯಾಗುತ್ತದೆ.