ಬೇಸ್ ಗಿಟಾರ್‌ನ ಸದ್ದು ಕುಗ್ಗಿದರೆ ಎಲ್ಲಿಂದ ಹುಡುಕಬೇಕು?

ಬೇಸ್‌ನ ಸದ್ದು ಸಣ್ಣಗಾಯಿತು ಎಂದ ಕೂಡಲೇ ಹಲವರು ಹೊಸ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ತರಿಸುತ್ತಾರೆ, ಇಲ್ಲವೇ ಆ ಸಿಗ್ನಲ್ ಹಿಗ್ಗಿಸುವ ಪ್ರೀಆಂಪ್ ಹಾಕಿಸುತ್ತಾರೆ. ಪಿಕಪ್ ಕೆಡುವುದು ಅಪರೂಪ. ಕೇಬಲ್, ಜ್ಯಾಕ್, ಬ್ಯಾಟರಿ, ಪಿಕಪ್‌ನ ಎತ್ತರ ಇಷ್ಟನ್ನು ನೋಡುವ ಮೊದಲು ದುಡ್ಡು ಬಿಚ್ಚಬೇಡಿ.

ನಿಮ್ಮದು ಬ್ಯಾಟರಿ ಇಲ್ಲದ ಪ್ಯಾಸಿವ್ ಬಗೆಯೋ, ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಬಗೆಯೋ ಎಂಬುದು ಮೊದಲು ಗೊತ್ತಾಗಬೇಕು. ಫೆಂಡರ್ ಪ್ರಿಸಿಷನ್, ಜಾಝ್ ಬೇಸ್‌ಗಳ ಮೂಲ ವಿನ್ಯಾಸ ಪ್ಯಾಸಿವ್. ಒಳಗೆ ಪಿಕಪ್, 250 ಕಿಲೋಓಮ್ ಪಾಟ್‌ಗಳು (ನಾಬ್‌ಗಳ ಕೆಳಗಿರುವ, ತಿರುಗಿಸಿ ಬದಲಿಸುವ ರೆಸಿಸ್ಟರ್‌ಗಳು), ಟೋನ್‌ಗೆಂದು 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, ಒಂದು ಜ್ಯಾಕ್. ಅಷ್ಟೇ. ಇಲ್ಲಿ ಟೋನ್ ನಾಬ್ ಮೇಲಿನ ಸ್ವರದ ಹೊಳಪನ್ನು ಕಡಿಮೆ ಮಾಡಬಲ್ಲದೇ ಹೊರತು ಏನನ್ನೂ ಹೆಚ್ಚಿಸಲಾರದು. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಆ್ಯಕ್ಟಿವ್. ಅದರ ಪಿಕಪ್ ಮಾಮೂಲಿನದೇ. ಆದರೆ ಅದರ ಮುಂದೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರೀಆಂಪ್ ಕೂತಿದೆ. ಇಎಂಜಿ ಕಂಪನಿಯ ಬಗೆಯ ಆ್ಯಕ್ಟಿವ್ ಪಿಕಪ್‌ಗಳಲ್ಲಿ ಪ್ರೀಆಂಪ್ ಪಿಕಪ್‌ನ ಹೊಟ್ಟೆಯೊಳಗೇ ಇರುತ್ತದೆ, ಪಾಟ್‌ಗಳು 25 ಕಿಲೋಓಮ್‌ನವು. ಇಂಥ ಬೇಸ್‌ಗೆ ಪ್ಯಾಸಿವ್ ಪಿಕಪ್ ಹಾಕಿ ಹಳೆಯ 25 ಕಿಲೋಓಮ್ ಪಾಟ್‌ಗಳನ್ನೇ ಉಳಿಸಿದರೆ ಸದ್ದು ಮಂಕಾಗಿ ಕುಗ್ಗುತ್ತದೆ. ಆಗ ಬೈಗುಳ ಮಾತ್ರ ಪಿಕಪ್‌ಗೆ!

ಆ್ಯಕ್ಟಿವ್ ಬೇಸ್‌ನ ಪಕ್ಕದಲ್ಲಿ ಪ್ಯಾಸಿವ್ ಬೇಸ್ ಮೆಲ್ಲಗೆ ಕೇಳಿಸಿದರೆ ಅದು ದೋಷವಲ್ಲ, ಆಂಪ್‌ನ ಗೇನ್ (ಒಳಬರುವ ಸಿಗ್ನಲ್ ಹಿಗ್ಗಿಸುವ ನಾಬ್) ಏರಿಸಿದರೆ ಸರಿಹೋಗುತ್ತದೆ. ಆಂಪ್‌ನಲ್ಲಿ ಆ್ಯಕ್ಟಿವ್ ಅಥವಾ ಪ್ಯಾಡ್ ಎಂದು ಬರೆದ, ಸಿಗ್ನಲ್ ತಗ್ಗಿಸುವ ಗುಂಡಿ ಒತ್ತಿಕೊಂಡೇ ಉಳಿದಿದೆಯೇ ಎಂದೂ ನೋಡಿ. ಮೊದಲು ಚೆನ್ನಾಗಿದ್ದು ಈಗ ಕುಗ್ಗಿದ್ದರೆ ಮಾತ್ರ ಮುಂದಿನ ಕೆಲಸ.

ಪೆಡಲ್‌ಗಳನ್ನೆಲ್ಲ ಬಿಚ್ಚಿ, ಬೇರೊಂದು ಕೇಬಲ್‌ನಿಂದ ನೇರ ಆಂಪ್‌ಗೆ ಜೋಡಿಸಿ. ಆ್ಯಕ್ಟಿವ್ ಬೇಸ್‌ಗೆ ಮೋನೋ ಕೇಬಲ್ಲೇ ಬೇಕು. ಅದರ ಜ್ಯಾಕ್ ಮಾತ್ರ ಸ್ಟೀರಿಯೋ, ಅಂದರೆ ಮೊನೆ, ರಿಂಗ್, ಬುಡ ಎಂದು ಮೂರು ಸಂಪರ್ಕಗಳಿರುವಂಥದ್ದು. ಮೋನೋ ಪ್ಲಗ್ ಒಳಹೊಕ್ಕಾಗ ನಡುವಿನ ರಿಂಗ್ ನೆಲತಂತಿಗೆ ತಗುಲಿ ಬ್ಯಾಟರಿ ಚಾಲೂ ಆಗುತ್ತದೆ. ಸ್ಟೀರಿಯೋ ಕೇಬಲ್ ಚುಚ್ಚಿದರೆ ಅದು ಆಗುವುದೇ ಇಲ್ಲ. ಬಾರಿಸುವುದು ಮುಗಿದ ಮೇಲೆ ಪ್ಲಗ್ ಕೀಳದಿದ್ದರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ: 1 ಮಿಲಿಆಂಪ್ ಎಳೆಯುವ ಪ್ರೀಆಂಪ್ 500 ಮಿಲಿಆಂಪ್-ಗಂಟೆಯ ಬ್ಯಾಟರಿಯನ್ನು ಹೆಚ್ಚುಕಡಿಮೆ ಮೂರು ವಾರದಲ್ಲಿ ಮುಗಿಸುತ್ತದೆ.

ಬ್ಯಾಟರಿಯನ್ನು ಪ್ಲಗ್ ಹಾಕಿಟ್ಟೇ ಅಳೆಯಿರಿ. ಹೊಸದು 9 ವೋಲ್ಟ್‌ಗಿಂತ ತುಸು ಮೇಲಿರುತ್ತದೆ, 8ಕ್ಕಿಂತ ಕೆಳಗಿಳಿದಿದ್ದರೆ ಬದಲಿಸಿ. ಜೋರಾಗಿ ಬಾರಿಸಿದಾಗ ಸ್ವರ ಒಡೆಯುವುದು ಬ್ಯಾಟರಿ ಸಾಯುತ್ತಿರುವುದರ ಮೊದಲ ಸೂಚನೆ, ಸದ್ದು ಕುಗ್ಗುವುದು ಆಮೇಲೆ. ಎರಡು ಬ್ಯಾಟರಿ ಹಾಕಿ 18 ವೋಲ್ಟ್ ಮಾಡಿದರೆ ಸದ್ದು ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಡೆಯದೆ ಬಾರಿಸುವ ಅವಕಾಶ ಹೆಚ್ಚುತ್ತದೆ, ಅಷ್ಟೆ. ಅದೂ ಪ್ರೀಆಂಪ್ 18 ವೋಲ್ಟ್ ತಡೆಯುವಂಥದ್ದಾಗಿದ್ದರೆ ಮಾತ್ರ. ಬೇಸ್‌ನಲ್ಲಿ ಪ್ಯಾಸಿವ್‌ಗೆ ಬದಲಿಸುವ ಸ್ವಿಚ್ ಇದ್ದರೆ ಅದೇ ಒಳ್ಳೆಯ ಪರೀಕ್ಷೆ. ಪ್ಯಾಸಿವ್‌ನಲ್ಲಿ ಸದ್ದು ಸರಿಯಾಗಿದ್ದರೆ ಕಾಯಿಲೆ ಬ್ಯಾಟರಿ ಅಥವಾ ಪ್ರೀಆಂಪ್‌ನದು.

ಇನ್ನು ಪಿಕಪ್‌ನ ಎತ್ತರ. ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್‌ನ ಕಂಬದವರೆಗೆ (ತಂತಿಯ ಕೆಳಗೆ ಕಾಣುವ ಲೋಹದ ತುದಿ) ಅಳೆಯಿರಿ. ಪ್ರಿಸಿಷನ್, ಜಾಝ್ ಬಗೆಯ ಪಿಕಪ್‌ಗಳಿಗೆ ಇ ತಂತಿಯ ಕಡೆ ಸುಮಾರು 3.2 ಮಿ.ಮೀ., ಜಿ ಕಡೆ 2.4 ಮಿ.ಮೀ. ಇಟ್ಟು ಶುರುಮಾಡಿ. ತೀರ ಹತ್ತಿರ ಏರಿಸಿದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಅಲುಗಾಡುತ್ತದೆ. ಅಕೌಸ್ಟಿಕ್ ಬೇಸ್‌ನ ಕಂಚಿನ ತಂತಿ ಹಾಕಿದ್ದರೆ ಕಾರಣ ಸಿಕ್ಕಂತೆಯೇ: ಅದಕ್ಕೆ ಈ ಪಿಕಪ್ ಸರಿಯಾಗಿ ಸ್ಪಂದಿಸುವುದಿಲ್ಲ. ನಿಕಲ್ ಅಥವಾ ಸ್ಟೀಲ್ ತಂತಿ ಹಾಕಿ.

ಪ್ಯಾಸಿವ್ ಬೇಸ್ ಆದರೆ ಒಳಗೆ ತೆರೆಯದೆಯೇ ಮಲ್ಟಿಮೀಟರ್‌ನಿಂದ ತುಂಬ ತಿಳಿಯಬಹುದು. ನಾಬ್‌ಗಳನ್ನೆಲ್ಲ ಪೂರ್ತಿ ಏರಿಸಿ, ಬೇಸ್‌ಗೆ ಚುಚ್ಚಿದ ಕೇಬಲ್‌ನ ಇನ್ನೊಂದು ತುದಿಯಲ್ಲಿ ಪ್ಲಗ್‌ನ ಮೊನೆಗೂ ಬುಡಕ್ಕೂ ಮೀಟರ್ ಹಿಡಿಯಿರಿ. ಪ್ರಿಸಿಷನ್‌ನಲ್ಲಿ 10 ಕಿಲೋಓಮ್ ಆಸುಪಾಸು, ಜಾಝ್‌ನಲ್ಲಿ ಎರಡೂ ಪಿಕಪ್ ಸೇರಿ 3.5ರಿಂದ 4 ಬರಬೇಕು. ಜಾಝ್ 7 ತೋರಿಸಿದರೆ ಒಂದು ಪಿಕಪ್‌ನ ವೈರ್ ಬಿಟ್ಟಿದೆ. ಪ್ರಿಸಿಷನ್‌ನಲ್ಲಿ 250ರ ಹತ್ತಿರ ಬಂದರೆ ಪಿಕಪ್ ಕಡಿದುಹೋಗಿ ಪಾಟ್ ಮಾತ್ರ ಅಳತೆಗೆ ಸಿಗುತ್ತಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್, ಅಂದರೆ ಸಿಗ್ನಲ್‌ನ ವೈರ್ ನೆಲತಂತಿಗೆ ತಗುಲಿದೆ. ಆ್ಯಕ್ಟಿವ್‌ನಲ್ಲಿ ಈ ಅಳತೆಗೆ ಅರ್ಥವಿಲ್ಲ, ನಡುವೆ ಪ್ರೀಆಂಪ್ ಇದೆ.

ಅಳತೆ ಸರಿಬಾರದಿದ್ದರೆ ಮುಚ್ಚಳ ತೆಗೆದು ಮೊದಲು ಜ್ಯಾಕ್ ನೋಡಿ. ನಟ್ ಸಡಿಲವಾಗಿ ಜ್ಯಾಕ್ ತಿರುಗಿ ತಿರುಗಿ, ವೈರ್ ಕಡಿದಿರುತ್ತದೆ ಅಥವಾ ಅದರ ಕಾಲು ಒಳಗಿನ ತಾಮ್ರದ ಹಾಳೆಗೆ ತಗುಲುತ್ತಿರುತ್ತದೆ. ಹೊಸ ಜ್ಯಾಕ್ ಕೊಳ್ಳುವಾಗ ಆ್ಯಕ್ಟಿವ್‌ಗೆ ಮೋನೋ ತರಬೇಡಿ, ಬ್ಯಾಟರಿಯ ಸ್ವಿಚ್ಚೇ ಇಲ್ಲದಂತಾಗುತ್ತದೆ. ಮಂಕಾದ, ಹರಳುಗಟ್ಟಿದ ಬೆಸುಗೆ ಕಂಡಲ್ಲಿ 40 ವಾಟ್ ಐರನ್‌ನಿಂದ ಹೊಸ ಸೋಲ್ಡರ್ ಕೊಡಿ, ಆದರೆ ಪಾಟ್‌ನ ಕಾಲಿನ ಮೇಲೆ ಕೆಲವೇ ಸೆಕೆಂಡು. ಹೆಚ್ಚು ಹೊತ್ತು ಕಾಯಿಸಿದರೆ ಪಾಟ್ ಹಾಳಾಗುತ್ತದೆ.

ಜಾಝ್ ಬೇಸ್‌ನಲ್ಲಿ ಇನ್ನೊಂದು ವಿಚಿತ್ರ ಉಂಟು: ಒಂದೊಂದೇ ಪಿಕಪ್ ಗಟ್ಟಿಯಾಗಿದ್ದು, ಎರಡನ್ನೂ ಪೂರ್ತಿ ಏರಿಸಿದ ಕೂಡಲೇ ಸ್ವರ ತೆಳ್ಳಗಾಗಿ ಕೆಳಸ್ವರವೇ ಮಾಯ. ಪಿಕಪ್‌ಗಳು ಫೇಸ್ ತಪ್ಪಿವೆ, ಅಂದರೆ ಒಂದರ ಸಿಗ್ನಲ್ ಇನ್ನೊಂದರದಕ್ಕೆ ವಿರುದ್ಧವಾಗಿದ್ದು ಒಂದನ್ನೊಂದು ಅಳಿಸುತ್ತಿವೆ. ಒಂದು ಪಿಕಪ್‌ನ ಎರಡು ವೈರ್‌ಗಳನ್ನು ಅದಲುಬದಲು ಮಾಡಿದರೆ ಸಾಕು.