ಮಳೆಗಾಲದ ಕೋಳಿಗೆ ಯುಗಾದಿಯಲ್ಲೇ ಮರಿ ಬುಕ್ ಮಾಡುತ್ತೇನೆ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತರುವಷ್ಟು ಮೀನು ಅಂಕೋಲಾ ಪೇಟೆಗೆ ಎಲ್ಲಿ ಸಾಲಬೇಕು? ಒಣ ಶೆಟ್ಲಿ (ಸಿಗಡಿ), ಒಣ ಬಂಗಡೆಯನ್ನು ಮೇ ತಿಂಗಳಲ್ಲೇ ಡಬ್ಬಿಗೆ ತುಂಬಿಟ್ಟ ಮನೆಗಳು ಹೇಗೋ ಸುಧಾರಿಸುತ್ತವೆ. ಉಳಿದವರು ಕೋಳಿ ಅಂಗಡಿಗೆ ಬರುತ್ತಾರೆ, ಆಗಲೇ ಕೋಳಿಯೂ ಕಡಿಮೆ ಇರುತ್ತದೆ.

ಏಪ್ರಿಲ್-ಮೇ ಸೆಕೆಗೆ ಹೆದರಿ ಬಹಳ ಜನ ಶೆಡ್ ಖಾಲಿ ಬಿಡುವುದೇ ಇದಕ್ಕೆ ಕಾರಣ. ಮೊಟ್ಟೆ ಮರಿಯಾಗಲು 21 ದಿನ, ಬ್ರಾಯ್ಲರ್ ಮರಿ 2 ಕಿಲೋ ತೂಗಲು ಇನ್ನೂ 40 ದಿನ ಬೇಕು. ಜೂನ್‌ನಲ್ಲಿ ದರ ಏರಿದ್ದು ನೋಡಿ ಹ್ಯಾಚರಿಗೆ ಫೋನ್ ಮಾಡಿದರೆ ಕೋಳಿ ಕೈಗೆ ಬರುವಷ್ಟರಲ್ಲಿ ಶ್ರಾವಣ. ನಮ್ಮ ಕೇರಿಯಲ್ಲಿ ಅರ್ಧ ಮನೆಗಳು ಆ ತಿಂಗಳು ಮಾಂಸ ಮುಟ್ಟುವುದಿಲ್ಲ. ಅದಕ್ಕೇ ನಾನು ಯುಗಾದಿ ಆಸುಪಾಸಿನಲ್ಲೇ ಮರಿಗೆ ಹಣ ಕಟ್ಟುತ್ತೇನೆ. ಒಂದೇ ಸಲ ಎಲ್ಲ ಮರಿ ತರುವುದಿಲ್ಲ. ಏಪ್ರಿಲ್ ಕೊನೆ, ಮೇ ನಡುವೆ, ಜೂನ್ ಮೊದಲ ವಾರ, ಹೀಗೆ ಮೂರು ತಂಡ, ಮೂರಕ್ಕೂ ಬೇರೆ ಬೇರೆ ಕೋಣೆ. ದೊಡ್ಡ ಕೋಳಿಯ ರೋಗ ಮರಿಗೆ ಹತ್ತಬಾರದು.

ಮೊದಲ ತಂಡವೇ ನಿಜವಾಗಿ ಕಷ್ಟದ್ದು. ನಮ್ಮಲ್ಲಿ ಬಿಸಿಲಿಗಿಂತ ಗಾಳಿಯಾಡದ ಸೆಕೆ ಕೋಳಿಯನ್ನು ಕೊಲ್ಲುತ್ತದೆ. ಕೊಕ್ಕು ತೆರೆದು, ರೆಕ್ಕೆ ಅಗಲಿಸಿ, ಗಂಟಲು ಪಟಪಟ ಬಡಿಯತೊಡಗಿದರೆ ಕಾಯುವ ಹೊತ್ತಲ್ಲ, ತಕ್ಷಣ ಫ್ಯಾನ್ ಹಾಕಬೇಕು. ಬೆಳಿಗ್ಗೆ ಹತ್ತರೊಳಗೆ ಫೀಡ್ ಎತ್ತಿಬಿಡುತ್ತೇನೆ, ಸಂಜೆ ತಂಪಾದ ಮೇಲೆ ಮತ್ತೆ ಕೊಡುತ್ತೇನೆ. ತಿಂದದ್ದು ಅರಗುವಾಗ ಮೈ ಕಾವು ಏರುತ್ತದೆ, ಮಧ್ಯಾಹ್ನ ಹೊಟ್ಟೆ ತುಂಬಿದ ಕೋಳಿಯೇ ಮೊದಲು ಬೀಳುವುದು. ಛಾವಣಿಯ ಮೇಲೆ ತೆಂಗಿನ ಗರಿ ಹೊದಿಸಿ ನೀರು ಹೊಡೆಯುತ್ತೇವೆ. ಕೋಳಿಗೆ ಒಂದು ಚದರಡಿ ಸಾಕೆನ್ನುತ್ತಾರೆ. ಬೇಸಿಗೆಯಲ್ಲಿ ಅಷ್ಟು ಸಾಲದು, ನಾನು ಮರಿಯ ಸಂಖ್ಯೆಯನ್ನೇ ಇಳಿಸುತ್ತೇನೆ.

ಮಳೆ ಹಿಡಿದ ಮೇಲೆ ಕೆಲಸ ನೆಲದ ಕಡೆಗೆ ತಿರುಗುತ್ತದೆ. ಹಾಸಿದ ಉಮಿ ಒದ್ದೆಯಾದರೆ ರಕ್ತಭೇದಿ ಖಚಿತ. ದಿನಾ ಕೆದಕಿ, ಸುಣ್ಣ ಬೆರೆಸಿ, ಒಂದು ಮುಷ್ಟಿ ಹಿಂಡಿ ನೋಡುತ್ತೇನೆ. ಉಂಡೆ ಕಟ್ಟಿದರೆ ಅಷ್ಟನ್ನೂ ತೆಗೆದು ಒಣ ಉಮಿ ಹಾಕುವುದು. ಫೀಡ್ ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು. ಬೂಷ್ಟು ಹಿಡಿದ ಜೋಳ ಲಿವರ್ ತಿನ್ನುತ್ತದೆ.

ಗಿರಾಕಿಗಳ ಜೊತೆ ಮೇ ತಿಂಗಳಲ್ಲೇ ಮಾತು. ಯಾವ ವಾರಕ್ಕೆ ಎಷ್ಟು ಬೇಕೆಂದು ಬರೆದುಕೊಂಡು, ದರ ಹೇಳಿ, ಸ್ವಲ್ಪ ಮುಂಗಡ ತೆಗೆದುಕೊಳ್ಳುತ್ತೇನೆ. ಜೂನ್‌ನಲ್ಲಿ ಪೇಟೆಯ ದರ ಹಾರಿದರೂ ಬರೆದುಕೊಂಡವರಿಗೆ ಹಳೆಯ ದರವೇ. ಮೀನು ಮಾರುವ ಅಕ್ಕ ಒಬ್ಬರು ಮೊದಲ ವರ್ಷ ಬಂದು, "ತಮಾ, ದೋಣಿ ನಿಂತ್ರೂ ಮಕ್ಕಳ ಹೊಟ್ಟೆ ನಿಲ್ಲೂದಿಲ್ಲ" ಅಂದಿದ್ದರು. ಆ ಎರಡು ತಿಂಗಳು ಅವರಿಗೆ ಗಳಿಕೆಯೂ ಇಲ್ಲ. ಅಂಥವರಿಗೆ ದರ ಏರಿಸಿ ಮಾರಲು ನನ್ನಿಂದಾಗುವುದಿಲ್ಲ. ಜನರೂ ಜಾಣರು: ಒಂದು ಕಿಲೋ ಒಯ್ಯುತ್ತಿದ್ದವರು ಅರ್ಧ ಕಿಲೋಗೆ ಬಟಾಟೆ, ನುಗ್ಗೆಕಾಯಿ ಸೇರಿಸುತ್ತಾರೆ, ವಾರದ ಮಧ್ಯೆ ಮೊಟ್ಟೆ ಸಾರು ಮಾಡುತ್ತಾರೆ.

2024ರ ಜುಲೈ 16ರಂದು ಅಂಕೋಲಾ-ಕುಮಟಾ ಹೆದ್ದಾರಿಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಜೀವ ಕಳೆದುಕೊಂಡ ಮನೆಗಳ ಮುಂದೆ ನನ್ನ ಲೆಕ್ಕ ಏನೇನೂ ಅಲ್ಲ. ಹೆದ್ದಾರಿ ಬಂದ್ ಆಗಿ ಕುಮಟಾ ಕಡೆಯ ಗಿರಾಕಿಗಳು ಬರಲಾಗಲಿಲ್ಲ. ಅತ್ತ ಅವರಿಗೆ ಕೋಳಿ ಇಲ್ಲ, ಇತ್ತ ನನ್ನಲ್ಲಿ ತೂಕ ತುಂಬಿದ ಕೋಳಿ ದಿನಾ ಫೀಡ್ ತಿನ್ನುತ್ತಿತ್ತು. 2 ಕಿಲೋ ದಾಟಿದ ಮೇಲೆ ತಿಂದಷ್ಟು ತೂಕ ಬರುವುದಿಲ್ಲ. ಅವರ ಮುಂಗಡ ವಾಪಸ್ ಕಳಿಸಿ, ಸುತ್ತಲಿನ ಹಳ್ಳಿಗಳಲ್ಲಿ ಖರ್ಚಿನ ದರಕ್ಕೇ ಕೊಟ್ಟುಬಿಟ್ಟೆ. ಅಂದಿನಿಂದ ಜುಲೈನಲ್ಲಿ ಮಾರುವ ತಂಡವನ್ನು ಗಂಗಾವಳಿ ನದಿಯ ಈಚೆಯ ಊರುಗಳಿಗೆ ಮಾತ್ರ ಬರೆದುಕೊಳ್ಳುತ್ತೇನೆ, ಆಚೆಯವರಿಗೆ ಜೂನ್‌ನಲ್ಲೇ ಮುಗಿಸುತ್ತೇನೆ.